ಆಲ್ಬನಿಯಲ್ಲಿ ಹಳೆಯ ಮನೆ ಉಳಿಸಲು ಯಾವ ರಾಜಕಾರಣಿಯನ್ನು ಕಾಣಬೇಕು?

ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯ ನಿಮ್ಮ ಬೀದಿಯ ಹಳೆಯ ಇಟ್ಟಿಗೆ ಮನೆಯನ್ನು ಕೆಡವಲಿದ್ದಾರೆ, ಅದರ ಬಾಗಿಲ ಮೇಲೆ ಫಲಕವೂ ಇದೆ, ಯಾರಿಗೆ ಪತ್ರ ಬರೆದರೆ ಅದು ಉಳಿದೀತು ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ಅಲೆದವನು. ನಾನು ಉಳಿಸಲು ಹೊರಟಿದ್ದ ಎದುರುಮನೆ ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ.

ಎದುರುಮನೆಯ ಬಾಗಿಲ ಪಕ್ಕದಲ್ಲಿ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ್ದೆಂದು ಸಾರುವ ಫಲಕವಿತ್ತು. ನಾನು ಎಡವಿದ್ದು ಅಲ್ಲಿಯೇ. ಊರಿನ ಗುಡಿಗಳ ಮುಂದೆ ಪುರಾತತ್ವ ಇಲಾಖೆಯ ನೀಲಿ ಬೋರ್ಡು ನೋಡಿ ಬೆಳೆದ ನನಗೆ ಫಲಕವೆಂದರೆ ಕಾನೂನೇ ಆಗಿತ್ತು. ಆದರೆ 1966ರ ಕಾಯ್ದೆಯ ಆಧಾರದ ಮೇಲೆ ನಿಂತಿರುವ ಈ ಪಟ್ಟಿ, ಫೆಡರಲ್ (ಅಂದರೆ ಕೇಂದ್ರ) ಸರ್ಕಾರದ ಹಣವೋ ಅನುಮತಿಯೋ ಬೆರೆತ ಕೆಲಸಗಳಿಗಷ್ಟೇ ಪರಿಶೀಲನೆಯನ್ನು ಕಡ್ಡಾಯ ಮಾಡುತ್ತದೆ. ಖಾಸಗಿ ಮಾಲೀಕ ತನ್ನ ದುಡ್ಡಿನಲ್ಲಿ ತನ್ನ ಮನೆಯನ್ನು ಕೆಡವಿದರೆ ಅದು ಅಡ್ಡ ಬರುವುದಿಲ್ಲ. ಅಡ್ಡ ಬರಬಲ್ಲದ್ದು ನಗರದ ಸ್ವಂತ ಕಾನೂನು. ನಗರವೇ ಗುರುತಿಸಿದ ಐತಿಹಾಸಿಕ ವಲಯದೊಳಗೆ ಮನೆಯಿದ್ದರೆ ಕೆಡವುವ ಮುನ್ನ ಮಾಲೀಕ ನಗರದ ಐತಿಹಾಸಿಕ ಸಂಪನ್ಮೂಲ ಆಯೋಗದ ಮುಂದೆ ಹೋಗಲೇಬೇಕು. ನಮ್ಮ ಎದುರುಮನೆ ರಾಷ್ಟ್ರೀಯ ಪಟ್ಟಿಯಲ್ಲಿತ್ತು, ನಗರದ ಪಟ್ಟಿಯಲ್ಲಿ ಇರಲಿಲ್ಲ. ಇವೆರಡೂ ಬೇರೆ ಬೇರೆ ಎಂಬ ಅರಿವೇ ನನಗಿರಲಿಲ್ಲ.

ಹೀಗೆ ಇಲ್ಲದ ರಕ್ಷಣೆಯನ್ನು ಜಾರಿ ಮಾಡಿಸಲು ಮೂರು ತಿಂಗಳು ರಾಜ್ಯ ಅಸೆಂಬ್ಲಿ ಸದಸ್ಯರ ಕಚೇರಿಗೆ ಪತ್ರ ಬರೆದೆ. ಕೆಲಸವಾಗಬೇಕಾದರೆ ಎಂಎಲ್‌ಎ ಮನೆ ಬಾಗಿಲಿಗೆ ಹೋಗಬೇಕೆಂಬ ನಮ್ಮ ಹಳೆಯ ರೂಢಿ. ಜೊತೆಗೆ ರಾಜ್ಯದ ಶಾಸನಸಭೆ ಕೂರುವ ಕ್ಯಾಪಿಟಲ್ ಕಟ್ಟಡದ ಕೆಂಪು ಛಾವಣಿ ನಮ್ಮ ಕಿಟಕಿಯಿಂದಲೇ ಕಾಣುತ್ತಿತ್ತು. ವಿನಯದ ಉತ್ತರಗಳು ಬಂದವು. ಅಷ್ಟರಲ್ಲಿ ಕೆಡವುವ ಅರ್ಜಿಯ ಬಗ್ಗೆ ನಗರದ ಮಂಡಳಿಯೆದುರು ನಡೆದ ವಿಚಾರಣೆ ನನಗೆ ತಿಳಿಯದೆಯೇ ಮುಗಿದುಹೋಗಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ದೊಡ್ಡವರ ಕೃಪೆಯಿಂದ ಹಳೆಯ ಮನೆ ಉಳಿಯುತ್ತದೆಂದು ನಂಬುವವರು ಆಲ್ಬನಿಯಲ್ಲಿ ಎಂಪೈರ್ ಸ್ಟೇಟ್ ಪ್ಲಾಜಾ ಎಂಬ ಸರ್ಕಾರಿ ಕಟ್ಟಡಗಳ ಸಮೂಹವನ್ನು ಒಮ್ಮೆ ಸುತ್ತಿ ಬರಬೇಕು. 1959ರಲ್ಲಿ ಡಚ್ ರಾಜಕುಮಾರಿ ಬಿಯಾಟ್ರಿಕ್ಸ್ ಬಂದಾಗ ದಾರಿಯ ಹಳೆಯ ಕೇರಿಗಳನ್ನು ಕಂಡು ಗವರ್ನರ್ ನೆಲ್ಸನ್ ರಾಕ್‌ಫೆಲರ್‌ಗೆ ಮುಜುಗರವಾಯಿತಂತೆ. 1962ರಲ್ಲಿ ಈ ಪ್ಲಾಜಾ ಕಟ್ಟಲು ರಾಜ್ಯ ಸರ್ಕಾರ 98 ಎಕರೆಯನ್ನು ವಶಪಡಿಸಿಕೊಂಡಿತು. ಸಾವಿರಾರು ಜನ ಮನೆ ಬಿಟ್ಟರು. 1942ರಿಂದ 1983ರಲ್ಲಿ ಸಾಯುವವರೆಗೂ ಮೇಯರ್ ಆಗಿದ್ದ ಎರಾಸ್ಟಸ್ ಕಾರ್ನಿಂಗ್ ಮೊದಲು ಇದನ್ನು ವಿರೋಧಿಸಿದರು. ಬಳಿಕ ಕೌಂಟಿಯ (ಜಿಲ್ಲೆಯಂಥ ಆಡಳಿತ ಘಟಕದ) ಬಾಂಡುಗಳ, ಅಂದರೆ ಸಾಲಪತ್ರಗಳ ಮೂಲಕ ಹಣ ಎತ್ತುವ ಉಪಾಯವನ್ನು ಹೇಳಿಕೊಟ್ಟವರೂ ಅವರೇ. ಅಲ್ಲಿನ ಅತಿ ಎತ್ತರದ ಕಟ್ಟಡಕ್ಕೆ ಇಂದು ಅವರದೇ ಹೆಸರಿದೆ.

ಯಾರನ್ನಾದರೂ ಕಾಣಲೇಬೇಕೆಂದರೆ ಕಾಮನ್ ಕೌನ್ಸಿಲ್‌ನ, ಅಂದರೆ ಇಲ್ಲಿನ ನಗರಸಭೆಯ, 15 ವಾರ್ಡ್ ಸದಸ್ಯರಲ್ಲಿ ನಿಮ್ಮ ವಾರ್ಡಿನವರನ್ನು ಕಾಣಿರಿ. ಕೃಪೆಗಾಗಿ ಅಲ್ಲ, ವಿಚಾರಣೆಯ ದಿನಾಂಕಕ್ಕಾಗಿ. ಅದಕ್ಕೂ ಮೊದಲು, ನಾಳೆಯೇ, ಮನೆಯ ವಿಳಾಸ ಹಿಡಿದು ನಗರದ ಯೋಜನಾ ವಿಭಾಗಕ್ಕೆ ಹೋಗಿ ಅದು ನಗರದ ಐತಿಹಾಸಿಕ ವಲಯದಲ್ಲಿದೆಯೇ, ಕೆಡವಲು ಅರ್ಜಿ ಬಂದಿದೆಯೇ ಎಂದು ವಿಚಾರಿಸಿ. ಬಾಗಿಲ ಮೇಲೆ ಫಲಕವಿದೆ ಎಂದು ಬರೆದಿದ್ದೀರಲ್ಲ, ಅದು ಯಾವ ಪಟ್ಟಿಯದೆಂದು ನೋಡಿ ತಿಳಿಸಿ.