ಎಂಟು ತಿಂಗಳಾದರೂ ಸುಸ್ತು ಹೋಗಿಲ್ಲ ಎಂದವರಿಗೆ

ನಿಮ್ಮ ಪ್ರಶ್ನೆ ಓದಿದೆ. ಪರದೇಶಕ್ಕೆ ಬಂದು ಎಂಟು ತಿಂಗಳಾಯಿತು, ಕೆಲಸ ಪರವಾಗಿಲ್ಲ, ಇರಲು ಮನೆಯೂ ಇದೆ, ಆದರೂ ಸಣ್ಣಪುಟ್ಟದಕ್ಕೆಲ್ಲ ಕಣ್ಣೀರು ಬರುತ್ತದೆ ಎಂದು ಬರೆದಿದ್ದೀರಿ. ಒಂದು ಅರ್ಜಿಯನ್ನು ತಪ್ಪಾಗಿ ತುಂಬಿದ್ದಕ್ಕೆ ಎರಡು ದಿನ ಊಟ ಸೇರಲಿಲ್ಲ ಎಂದಿದ್ದೀರಿ. ಎಲ್ಲರೂ ‘ಗಟ್ಟಿಯಾಗಿರು’ ಅನ್ನುತ್ತಾರೆ, ಆದರೆ ಆ ಗಟ್ಟಿತನ ತರೋದು ಎಲ್ಲಿಂದ, ವಾಪಸ್ ಹೋಗಿಬಿಡಲೇ ಎಂದು ಕೇಳಿದ್ದೀರಿ. ನಾನು ಹೊರಗೆ ಬಂದು ನೆಲೆಸಿ ಬಹಳ ವರ್ಷಗಳಾದವು. ಹೊಸದಾಗಿ ಬಂದ ಎಷ್ಟೋ ಜನರನ್ನು ಹತ್ತಿರದಿಂದ ನೋಡಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ನಿಮ್ಮ ಮನಸ್ಸು ದುರ್ಬಲ ಅಂತ ನನಗೆ ಅನ್ನಿಸಲಿಲ್ಲ. ನಿಮ್ಮ ತಲೆಗೆ ಕೆಲಸ ಜಾಸ್ತಿಯಾಗಿದೆ. ಹುಟ್ಟಿ ಬೆಳೆದ ಕಡೆ ದಿನದ ಬಹುಪಾಲು ಯೋಚನೆ ಇಲ್ಲದೆ ಸಾಗುತ್ತದೆ. ಯಾರನ್ನು ಹೇಗೆ ಮಾತಾಡಿಸಬೇಕು, ಯಾವ ದನಿಯಲ್ಲಿ ಸಿಟ್ಟಿದೆ, ಯಾವುದು ಸುಮ್ನೆ ಹೇಳಿದ ಮಾತು, ಹುಷಾರು ತಪ್ಪಿದರೆ ಎಲ್ಲಿಗೆ ಹೋಗಬೇಕು, ಇದೆಲ್ಲ ಮೈಗೇ ಗೊತ್ತಿರುತ್ತದೆ. ಈಗ ಅದೆಲ್ಲವನ್ನೂ ಒಂದೊಂದಾಗಿ ಯೋಚಿಸಿ ಮಾಡಬೇಕು. ಬೇರೆ ಭಾಷೆಯಲ್ಲಿ ಅರ್ಧ ಗಂಟೆ ಮಾತಾಡಿದರೂ ದಣಿವಾಗುತ್ತದೆ. ಕಚೇರಿಯಲ್ಲಿ ಯಾರೋ ನಕ್ಕರೆ, ಯಾಕೆ ನಕ್ಕರು ಅಂತ ರಾತ್ರಿವರೆಗೂ ಯೋಚನೆ. ಸಂಜೆ ಹೊತ್ತಿಗೆ ಶಕ್ತಿ ಮುಗಿದಿರುತ್ತದೆ. ಆಗ ಬಂದ ಸಣ್ಣ ತೊಂದರೆಯೂ ದೊಡ್ಡದಾಗಿ ಕಾಣುತ್ತದೆ.

ಅದರ ಮೇಲೆ ನೀವು ಈಗ ಇರುವ ಕಾಲವೂ ಕಷ್ಟದ್ದೇ. ಸ್ವೆರ್ರೆ ಲಿಸ್ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞರು 1955ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನದ ನೆರವಿನಲ್ಲಿ ಅಮೆರಿಕಕ್ಕೆ ಹೋಗಿ ಬಂದ 200 ಮಂದಿ ನಾರ್ವೆಯವರನ್ನು ಅವರು ಮಾತಾಡಿಸಿದ್ದರು. 6 ತಿಂಗಳಿಗಿಂತ ಕಡಿಮೆ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. 18 ತಿಂಗಳು ದಾಟಿದವರೂ ಚೆನ್ನಾಗಿದ್ದರು. ಹೆಚ್ಚು ಒದ್ದಾಡಿದ್ದು ನಡುವೆ ಇದ್ದವರು. ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಅಂತ ಆಮೇಲೆ ಬಂದ ಅಧ್ಯಯನಗಳು ತೋರಿಸಿವೆ. ಕೆಲವರಿಗೆ ಮೊದಲ ವಾರಗಳೇ ಎಲ್ಲಕ್ಕಿಂತ ಕಠಿಣ. ಆದರೂ ನಾನು ನೋಡಿದವರಲ್ಲಿ ಇದು ಬಹಳ ಜನರಿಗೆ ನಿಜವಾಗಿದೆ. ಹೊಸತನದ ಹುರುಪು ಇಳಿದಿರುತ್ತದೆ, ಬಳಕೆಯ ಸಲೀಸು ಇನ್ನೂ ಬಂದಿರುವುದಿಲ್ಲ. ‘ಇಷ್ಟು ದಿನ ಆಯ್ತು, ಇಷ್ಟರಲ್ಲಿ ಸರಿಹೋಗಬೇಕಿತ್ತು’ ಎಂಬ ಲೆಕ್ಕವನ್ನು ದಯವಿಟ್ಟು ಬಿಡಿ.

ಹಾಗಾದರೆ ಏನು ಮಾಡೋದು? ಮೊದಲು ಯೋಚನೆಯ ಹೊರೆ ಇಳಿಸಿ. ಸ್ವಲ್ಪ ಕಾಲ ದಿನಗಳು ಒಂದೇ ಥರ ಇರಲಿ. ಒಂದೇ ಹೊತ್ತಿಗೆ ಏಳುವುದು, ಅದೇ ದಾರಿ, ಅದೇ ಅಂಗಡಿ, ವಾರದ ಊಟ ಮೊದಲೇ ಗೊತ್ತು ಮಾಡಿಟ್ಟುಕೊಳ್ಳುವುದು. ‘ಹೊಸ ದೇಶಕ್ಕೆ ಬಂದು ಹೊಸದನ್ನೆಲ್ಲ ನೋಡಬೇಡವೇ’ ಎಂದು ಕೆಲವರು ಹೇಳಬಹುದು. ನೋಡೋಣ, ಆದರೆ ಅದಕ್ಕೂ ಶಕ್ತಿ ಬೇಕಲ್ವಾ? ಬೇಸರ ತರುವಷ್ಟು ಒಂದೇ ರೀತಿಯ ದಿನ ಈಗ ನಿಮಗೆ ಔಷಧಿ. ಆಫೀಸಿನ ಕಾಗದಪತ್ರ, ಬ್ಯಾಂಕಿನ ಕೆಲಸ ಇಂಥವನ್ನು ಸಂಜೆ ಮುಟ್ಟಲೇಬೇಡಿ. ವಾರದಲ್ಲಿ ಒಂದು ಬೆಳಗ್ಗೆ ಅದಕ್ಕೇ ಇಟ್ಟುಬಿಡಿ.

ಹೊಸ ಅಭ್ಯಾಸ ಎರಡು ವಾರದಲ್ಲಿ ಕೂರಲಿಲ್ಲ ಅಂತ ಬೇಸರವೂ ಬೇಡ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು ಇದನ್ನೇ ಅಳೆದು ನೋಡಿದ್ದರು. ಒಂದು ಅಭ್ಯಾಸ ತಾನಾಗಿಯೇ ನಡೆಯಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕಾಗಬಹುದು ಎಂಬ ಲೆಕ್ಕ ಬಂತು. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಬೇರೆ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲವಂತೆ. ಇವತ್ತು ತಪ್ಪಿತೇ, ನಾಳೆ ಮಾಡಿ.

ನಿದ್ದೆ, ನಡಿಗೆ, ಬೆಳಗಿನ ಬೆಳಕು. ಇವುಗಳ ಬಗ್ಗೆ ನಿಮಗೆ ಗೊತ್ತಿಲ್ಲದ್ದೇನೂ ನಾನು ಹೇಳಲಾರೆ. ರಾತ್ರಿ ಊರಿನ ಹೊತ್ತಿಗೆ ಸರಿಯಾಗಿ ಫೋನ್ ಹಿಡಿದು ಕೂತು ನಿದ್ದೆ ಕೆಡಿಸಿಕೊಳ್ಳಬೇಡಿ, ಅಷ್ಟೇ.

ಇನ್ನು ಜನರ ವಿಷಯ. ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಿರುವುದು ಇದನ್ನೇ. ಗಟ್ಟಿತನ ಅನ್ನುವುದು ಒಬ್ಬರ ಎದೆಯೊಳಗೆ ಇರುವ ವಸ್ತು ಅಂತ ನಾವು ಅಂದುಕೊಂಡಿದ್ದೇವೆ. ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ, ರೂತ್ ಸ್ಮಿತ್ ಅವರ ಜೊತೆ, ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯಲ್ಲಿ ಜಗಳ, ತಂದೆ ತಾಯಿಯ ಕಾಯಿಲೆ, ಹೀಗೆ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಒಳ್ಳೆಯ ಬಾಳು ಕಟ್ಟಿಕೊಂಡರು. ಆ ಮಕ್ಕಳ ಸ್ವಭಾವವೂ ಸ್ವಲ್ಪ ನೆರವಾಗಿತ್ತು. ಆದರೆ ಅವರಿಗೆ ನಂಬಬಹುದಾದ ಒಬ್ಬರಾದರೂ ಹಿರಿಯರು ಇದ್ದರು. ಅಜ್ಜಿಯೋ, ಚಿಕ್ಕಮ್ಮನೋ, ಟೀಚರೋ, ಪಕ್ಕದ ಮನೆಯವರೋ. ದೊಡ್ಡವರಾದ ನಮಗೂ ಆ ಒಬ್ಬರು ಬೇಕು.

ನೀವು ಮನೆಗೆ ಫೋನ್ ಮಾಡಿದಾಗಲೆಲ್ಲ ‘ಎಲ್ಲಾ ಚೆನ್ನಾಗಿದೆ’ ಅನ್ನುತ್ತೀರಿ, ಅಕ್ಕನಿಗೆ ಮಾತ್ರ ಅನುಮಾನ ಬಂದಿದೆ ಎಂದು ಬರೆದಿದ್ದೀರಿ. ಅಪ್ಪ ಅಮ್ಮನಿಗೆ ಎಲ್ಲವನ್ನೂ ಹೇಳಲೇಬೇಕು ಅಂತ ನಾನು ಹೇಳುವುದಿಲ್ಲ. ಅವರ ವಯಸ್ಸು, ಆರೋಗ್ಯ ನಿಮಗೇ ಗೊತ್ತು. ಆದರೆ ಅಕ್ಕನಿಗೆ ಹೇಳಿ. ಅವರು ಉಪಾಯ ಹುಡುಕಲು ಹೊರಡಬಹುದು, ಅದಕ್ಕೆ ಮೊದಲೇ ‘ಏನೂ ಮಾಡಬೇಡ ಅಕ್ಕ, ಸುಮ್ನೆ ಕೇಳಿಸ್ಕೋ’ ಅನ್ನಿ. ಒಬ್ಬರಿಗೆ ನಿಜ ಗೊತ್ತಿದೆ ಎಂಬುದರಿಂದಲೇ ಅರ್ಧ ಭಾರ ಇಳಿಯುತ್ತದೆ. ಸುಳ್ಳು ಸಂತೋಷ ತೋರಿಸುವುದಕ್ಕೂ ಶಕ್ತಿ ಖರ್ಚಾಗುತ್ತದೆ.

ಇರುವ ಊರಲ್ಲೂ ಜನ ಬೇಕು. ಜೀವದ ಗೆಳೆತನ ಕೂಡಲೇ ಸಿಗೋದಿಲ್ಲ, ಅದನ್ನು ಹುಡುಕಿಕೊಂಡು ಹೊರಟರೆ ನಿರಾಸೆಯೇ. ಪರಿಚಯದ ಮುಖಗಳಿಂದ ಶುರು ಮಾಡಿ. ವಾರಕ್ಕೊಮ್ಮೆ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಹೋಗುವಂಥದ್ದು ಏನಾದರೂ ಹಿಡಿಯಿರಿ. ಭಾಷೆಯ ತರಗತಿ, ಗ್ರಂಥಾಲಯ, ಆಟದ ಗುಂಪು, ಯಾವುದಾದರೂ ಸರಿ. ಅದೇ ಮುಖಗಳು ಮತ್ತೆ ಮತ್ತೆ ಎದುರಾದರೆ ನಗು ಬರುತ್ತದೆ, ಆಮೇಲೆ ಮಾತು ಬರುತ್ತದೆ. ಸಣ್ಣ ಸಹಾಯ ಕೇಳಲು ಹಿಂಜರಿಯಬೇಡಿ. ‘ಈ ಕಾಗದದಲ್ಲಿ ಏನು ಬರೆದಿದೆ, ಸ್ವಲ್ಪ ನೋಡ್ತೀರಾ’ ಎಂದು ಕೇಳಿದರೆ ಬಹಳ ಜನಕ್ಕೆ ಖುಷಿಯೇ ಆಗುತ್ತದೆ. ಸಣ್ಣದಕ್ಕೆ ಕೇಳಿ ರೂಢಿಯಿದ್ದರೆ ದೊಡ್ಡ ಕಷ್ಟಕ್ಕೆ ಕೇಳಲು ಬಾಯಿ ಬರುತ್ತದೆ. ನಿಮಗಿಂತ ಈಚೆಗೆ ಬಂದವರು ಯಾರಾದರೂ ಸಿಕ್ಕರೆ ಅವರಿಗೆ ದಾರಿ ತೋರಿಸಿ. ನಿಮಗೆ ಎಷ್ಟು ಗೊತ್ತಾಗಿದೆ ಎಂಬುದು ಆಗಲೇ ತಿಳಿಯುವುದು.

ಕೆಟ್ಟ ದಿನಗಳು ಹೇಗೂ ಬರುತ್ತವೆ. ಅವಕ್ಕೆ ಬೇಕಾದ್ದನ್ನು ಒಳ್ಳೆಯ ದಿನವೇ ಬರೆದಿಡಿ. ಆ ದಿನ ಯಾರಿಗೆ ಫೋನ್ ಮಾಡುತ್ತೀರಿ, ಏನು ತಿನ್ನುತ್ತೀರಿ, ಎಲ್ಲಿಗೆ ನಡೆದು ಹೋಗುತ್ತೀರಿ, ಏನನ್ನು ಮಾಡುವುದಿಲ್ಲ. ಬೇಸರದಲ್ಲಿರುವ ತಲೆಗೆ ಇದೆಲ್ಲ ಹೊಳೆಯುವುದಿಲ್ಲ, ಓದಿ ಅದರಂತೆ ಮಾಡಲು ಮಾತ್ರ ಆಗುತ್ತದೆ. ಆ ಅರ್ಜಿಯಂಥ ತಪ್ಪಾದಾಗ ಎರಡು ಸಾಲು ಬರೆಯಿರಿ: ಆದದ್ದೇನು, ಸರಿಮಾಡಲು ಯಾರನ್ನು ಕೇಳಬೇಕು. ‘ನನಗೆ ಯಾವುದೂ ಆಗೋದಿಲ್ಲ’ ಎಂಬುದಕ್ಕೆ ಆ ಹಾಳೆಯಲ್ಲಿ ಜಾಗ ಕೊಡಬೇಡಿ.

ಸದಾ ನಗುತ್ತಿರಿ, ಒಳ್ಳೆಯದನ್ನೇ ಯೋಚಿಸಿ ಎಂಬ ಉಪದೇಶ ನನಗೆ ಒಪ್ಪಿಗೆಯಿಲ್ಲ. ನೀವು ಬಿಟ್ಟು ಬಂದದ್ದು ಸಣ್ಣದಲ್ಲ, ಅದಕ್ಕೆ ಅಳು ಬಂದರೆ ಅಳಿ. ಇನ್ನೊಂದು ಮಾತು. ಎಲ್ಲವನ್ನೂ ತಡೆದುಕೊಳ್ಳಬೇಕಾಗಿಲ್ಲ. ಸಂಬಳ ಹಿಡಿದಿಟ್ಟರೆ, ಕೆಲಸದಲ್ಲಿ ಅವಮಾನ ಮಾಡಿದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ, ಮನೆಯೊಳಗೆ ಯಾರಾದರೂ ಕೈ ಮಾಡಿದರೆ, ಅದಕ್ಕೆ ನಿಮ್ಮ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಉತ್ತರವಲ್ಲ. ಆಗ ದೂರು ಕೊಡಬೇಕು, ಅಲ್ಲಿಂದ ಹೊರಬರಬೇಕು, ಕಾನೂನು ಬಲ್ಲವರನ್ನು ಕೇಳಬೇಕು.

ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚು ಕಡಿಮೆ ಪ್ರತಿದಿನವೂ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟವಾಗುತ್ತಿದ್ದುದೂ ಬೇಡವಾಗಿದ್ದರೆ, ಡಾಕ್ಟರ ಹತ್ತಿರ ಹೋಗಿ. ಜ್ವರಕ್ಕೆ ಹೋಗುವ ಹಾಗೇ ಹೋಗಿ. ಬದುಕೇ ಬೇಡ ಅನ್ನಿಸಿದರಂತೂ ಎರಡು ವಾರ ಕಾಯಬೇಡಿ. ಆ ಕ್ಷಣವೇ ಯಾರನ್ನಾದರೂ ಕರೆಯಿರಿ, ನೀವಿರುವ ಕಡೆಯ ತುರ್ತು ನಂಬರಿಗೆ ಫೋನ್ ಮಾಡಿ. ಆ ನಂಬರನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿಡಿ.

ವಾಪಸ್ ಹೋಗುವ ವಿಷಯ. ಹೋದವರನ್ನೂ ನಾನು ನೋಡಿದ್ದೇನೆ, ಅವರಲ್ಲಿ ಚೆನ್ನಾಗಿ ಬಾಳುತ್ತಿರುವವರು ಬಹಳ. ಅದನ್ನು ಸೋಲು ಅಂತ ನಾನು ಕರೆಯೋದಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ, ಅತ್ತು ಮುಗಿಸಿದ ಮೇಲೆ ತೀರ್ಮಾನ ಮಾಡಬೇಡಿ. ನಾಲ್ಕು ತಿಂಗಳು ಆಚೆಗೆ ಒಂದು ತಾರೀಕು ಗುರುತು ಹಾಕಿಕೊಳ್ಳಿ. ಅಲ್ಲಿಯವರೆಗೆ ದಿನಾ ಒಂದು ಸಾಲು, ಆ ದಿನ ಹೇಗಿತ್ತು ಅಂತ ಬರೆದಿಡಿ. ಆ ತಾರೀಕು ಬಂದಾಗ ಅಕ್ಕನನ್ನು ಫೋನಿನಲ್ಲಿ ಇಟ್ಟುಕೊಂಡು ಅದನ್ನೆಲ್ಲ ಓದಿ. ಹೋಗುವುದೋ ಇರುವುದೋ ಅವತ್ತು ಬೆಳಗ್ಗೆ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ ನಿರ್ಧಾರ ಮಾಡಿ.