ವಿಶ್ವಬ್ಯಾಂಕಿನ ದುಡ್ಡು ಆಲೆಮನೆಗೆ ಯಾಕೆ ಬರಲಿಲ್ಲ?

ಮದ್ದೂರು ತಾಲ್ಲೂಕಿನ ಆಲೆಮನೆ ಮಾಲೀಕರೊಬ್ಬರು ಬರೆದ ಪತ್ರದ ಸಾರ ಇದು: "ತಂದೆ ಕಾಲದಿಂದ ಬೆಲ್ಲ ಮಾಡ್ಕೊಂಡು ಬಂದಿದ್ದೀವಿ. ಸಣ್ಣ ಉದ್ದಿಮೆಗಳಿಗೆ ವಿಶ್ವಬ್ಯಾಂಕು ಸಾವಿರಾರು ಕೋಟಿ ಕೊಟ್ಟಿದೆ ಅಂತ ಪೇಪರಿನಲ್ಲಿ ಓದ್ತೀವಿ. ಜಪಾನಿನವರು ಬಂದ್ರು, ಜರ್ಮನಿಯವರು ಬಂದ್ರು ಅಂತಾರೆ. ನನಗೆ ಬೇಕಾಗಿದ್ದು ಆರು ಲಕ್ಷ. ಬ್ಯಾಂಕಿನವರು ಜಮೀನಿನ ಪತ್ರ ಇಡಿ ಅಂದ್ರು. ಇಷ್ಟೊಂದು ದೇಶದವರು ಸೇರ್ಕೊಂಡು ಉದ್ಧಾರ ಮಾಡಿದ್ದು ಯಾರನ್ನ? ನಿಮ್ಮ ಪತ್ರಿಕೆ ಇದನ್ನ ಬರೀತದಾ?"

ಸಂಪಾದಕರ ಉತ್ತರ:

ಬರೆಯುತ್ತದೆ, ಗೆಳೆಯರೆ. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಯಾರ ಮೇಲೆ ತಿರುಗಬೇಕು ಎಂಬುದರಲ್ಲಿ ನನಗೆ ಸ್ವಲ್ಪ ಬೇರೆ ಅಭಿಪ್ರಾಯವಿದೆ.

ದುಡ್ಡಿನ ಮಾತು ಮೊದಲು ಮುಗಿಸೋಣ. ನೀವು ಓದಿದ ಸುದ್ದಿ ಬಹುಶಃ ಸಣ್ಣ ಉದ್ದಿಮೆಗಳಿಗಾಗಿ ರೂಪಿಸಿದ 'ರ‍್ಯಾಂಪ್' ಎನ್ನುವ ಕಾರ್ಯಕ್ರಮದ್ದು. 2021ರ ಜೂನ್ ತಿಂಗಳಲ್ಲಿ ವಿಶ್ವಬ್ಯಾಂಕು ಅದಕ್ಕೆ 50 ಕೋಟಿ ಡಾಲರ್ ಮಂಜೂರು ಮಾಡಿತು. ರೂಪಾಯಿಯಲ್ಲಿ 3,750 ಕೋಟಿ. ಕೇಂದ್ರ ಸರ್ಕಾರ ತನ್ನ ಪಾಲು ಸೇರಿಸಿದ ಮೇಲೆ ಒಟ್ಟು 6,062 ಕೋಟಿಯ ಯೋಜನೆಯಾಯಿತು. ಇದು ದಾನವಲ್ಲ, ಸಾಲ. ನೀವು ನಾನು ಕಟ್ಟುವ ತೆರಿಗೆಯಿಂದಲೇ ತೀರಬೇಕು. ಇನ್ನೊಂದು ವಿಷಯ, ಈ ಹಣ ಉದ್ದಿಮೆದಾರರ ಖಾತೆಗೆ ಹಾಕಲು ತಂದದ್ದಲ್ಲ. ಸರ್ಕಾರ ಒಪ್ಪಿಕೊಂಡ ಸುಧಾರಣೆಗಳನ್ನು ಮಾಡಿ ತೋರಿಸಿದಂತೆ ಕಂತು ಕಂತಾಗಿ ಬಿಡುಗಡೆಯಾಗುವಂಥದ್ದು. ಹಾಗಾಗಿ ನಿಮ್ಮ ಆರು ಲಕ್ಷ ಅಲ್ಲಿಂದ ಬರುವುದು ಸಾಧ್ಯವೇ ಇರಲಿಲ್ಲ. ಇದನ್ನು ಜನರಿಗೆ ಅರ್ಥವಾಗುವ ಹಾಗೆ ಯಾರೂ ಹೇಳಲಿಲ್ಲ. ಬರೀ ಕೋಟಿಗಳ ತಲೆಬರಹ ಹಾಕಿದ ನಮ್ಮಂಥ ಪತ್ರಿಕೆಗಳ ತಪ್ಪೂ ಇದರಲ್ಲಿದೆ.

ಜಪಾನಿನವರು ಬಂದರು ಎಂದಿರಿ. ಬಂದವರು ಏನು ಮಾಡಿದರು ಎಂಬುದನ್ನು ನಾನು ಸ್ವಲ್ಪ ಹತ್ತಿರದಿಂದ ನೋಡಿದ್ದೇನೆ. ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಗೆ 1991ರಲ್ಲಿ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ 'ಜೈಕಾ'ದ ತಜ್ಞರು ಬಂದರು. ನಮ್ಮ ಸೆಕೆಯಲ್ಲಿ ಬಿಳಿ ಗೂಡು ಕಟ್ಟುವ ಬೈವೋಲ್ಟೀನ್ ಜಾತಿಯ ರೇಷ್ಮೆಹುಳು ಬದುಕುವುದಿಲ್ಲ, ಬಿಳಿ ಗೂಡು ಚೀನಾ ಜಪಾನಿನವರಿಗೇ ಸರಿ ಎಂದು ಬಹಳ ಜನ ಕೈಚೆಲ್ಲಿದ್ದ ಕಾಲ ಅದು. ಮೂರು ಹಂತಗಳಲ್ಲಿ, 2007ರವರೆಗೆ, ಹದಿನಾರು ವರ್ಷ ಆ ಕೆಲಸ ನಡೆಯಿತು. ಸಿಎಸ್‌ಆರ್ ಹೆಸರಿನ ಬೈವೋಲ್ಟೀನ್ ತಳಿಗಳು ಬಂದದ್ದು ಆಗಲೇ. ಅದೇ ಸಂಸ್ಥೆಯಿಂದ ವಿ-1 ಎಂಬ ಹಿಪ್ಪುನೇರಳೆ ತಳಿ ಬಂದು ತೋಟಗಳ ರೂಪವೇ ಬದಲಾಯಿತು.

ಆ ದಿನಗಳಲ್ಲಿ ಮಳವಳ್ಳಿ ಕಡೆಯ ಒಂದು ಹುಳುಮನೆಗೆ ವರದಿಗೆಂದು ಹೋಗಿದ್ದೆ. ಬಾಗಿಲಲ್ಲೇ ಸುಣ್ಣ, ಬ್ಲೀಚಿಂಗ್ ಪೌಡರಿನ ವಾಸನೆ. ಚಪ್ಪಲಿ ಹೊರಗೆ ಬಿಡಿಸಿ, ಕೈ ತೊಳೆಸಿ ಒಳಗೆ ಬಿಟ್ಟರು. ಗೋಡೆಗೆ ಉಷ್ಣಮಾಪಕ ನೇತುಹಾಕಿತ್ತು. ಮನೆಯ ಹೆಣ್ಣುಮಗಳು ಸೊಪ್ಪು ಹೆಚ್ಚದೆ ರೆಂಬೆಗಳನ್ನೇ ಸ್ಟ್ಯಾಂಡಿನ ಮೇಲೆ ಹಾಸುತ್ತಿದ್ದರು. "ಮೊದ್ಲು ದಿನಾ ಸೊಪ್ಪು ಕೊಯ್ದು ಕೊಯ್ದು ಬೆರಳು ಕಪ್ಪಾಗೋದು ಸ್ವಾಮಿ. ಈಗ ರೆಂಬೇನೇ ಹಾಕಿ ಅಂತ ತೋರ್ಸವ್ರೆ. ಹುಳ ಜ್ವರಕ್ಕೆ ಕೂತಾಗ, ಅಂದ್ರೆ ಪೊರೆ ಬಿಡೋವಾಗ, ಮುಟ್ಟಬ್ಯಾಡಿ ಅಂತ್ಲೂ ಹೇಳವ್ರೆ" ಎಂದರು. ತೋರಿಸಿಕೊಟ್ಟವರು ಮೈಸೂರಿನ ಸಂಸ್ಥೆಯ ನಮ್ಮವರೇ. ಅವರು ಕಲಿತದ್ದು ಹೊರಗಿನಿಂದ ಬಂದು ಇಲ್ಲೇ ಮನೆ ಮಾಡಿಕೊಂಡಿದ್ದವರ ಜೊತೆ ದುಡಿದು. ನನ್ನ ಪ್ರಕಾರ ಅಂತರರಾಷ್ಟ್ರೀಯ ಸಹಕಾರ ಎಂದರೆ ಇದು: ತಿಳಿದವರು ಬಂದು, ವರ್ಷಗಟ್ಟಲೆ ಇದ್ದು, ಸೋತ ಬೆಳೆಯನ್ನೂ ನಿಮ್ಮ ಜೊತೆ ನಿಂತು ನೋಡುವುದು. ಎರಡು ದಿನದ ಕಾರ್ಯಾಗಾರದಿಂದ, ಊಟದ ಕೂಪನ್ನಿನಿಂದ ಅದು ಆಗುವುದಿಲ್ಲ.

ಹಾಗೆಂದು ಎಲ್ಲ ಸುಸೂತ್ರವಾಯಿತು ಎನ್ನಲಾರೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿದು ಎಷ್ಟು ಮನೆಗಳ ಒಲೆ ತಣ್ಣಗಾಯಿತು ಎಂಬುದು ನಿಮ್ಮ ನೆಂಟರಿಷ್ಟರನ್ನು ಕೇಳಿದರೆ ಗೊತ್ತಾಗುತ್ತದೆ. ಹದಿನಾರು ವರ್ಷ ಕಷ್ಟಪಟ್ಟು ಕಲಿಸಿದ್ದಕ್ಕೆ ಒಂದು ಸುಂಕದ ಸಾಲು ಪೆಟ್ಟು ಕೊಟ್ಟಿತು. ಇದನ್ನು ನೆನೆದರೆ ಈಗಲೂ ನೋವಾಗುತ್ತದೆ.

ಬೆಲ್ಲಕ್ಕೆ ಬರೋಣ. 1979ರಲ್ಲಿ ಜಪಾನಿನ ಓಯಿಟಾ ಪ್ರಾಂತ್ಯದ ಗವರ್ನರ್ ಮೊರಿಹಿಕೊ ಹಿರಾಮತ್ಸು 'ಒಂದು ಊರು, ಒಂದು ಉತ್ಪನ್ನ' ಎಂಬ ಚಳವಳಿ ಶುರುಮಾಡಿದರು. ಥಾಯ್ಲೆಂಡ್, ಮಲಾವಿ ಅದನ್ನು ತಮ್ಮದು ಮಾಡಿಕೊಂಡವು. ನಮ್ಮ 'ಒಂದು ಜಿಲ್ಲೆ, ಒಂದು ಉತ್ಪನ್ನ'ವೂ ಅದೇ ಜಾಡಿನದು. ಕಿರು ಆಹಾರ ಸಂಸ್ಕರಣಾ ಘಟಕಗಳ ಕೇಂದ್ರ ಯೋಜನೆಯಲ್ಲಿ ಮಂಡ್ಯಕ್ಕೆ ಸಿಕ್ಕಿದ್ದು ಬೆಲ್ಲ. ಯಂತ್ರಕ್ಕೆ, ಶೆಡ್ಡಿಗೆ ಮಾಡುವ ಖರ್ಚಿನ ಶೇ 35, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನ ಎಂದು ಆ ಯೋಜನೆ ಗೊತ್ತುಮಾಡಿತ್ತು. ಓಯಿಟಾದಲ್ಲಿ ಏನು ಮಾಡಬೇಕೆಂದು ಊರವರೇ ಕೂತು ಆರಿಸಿಕೊಂಡರು. ನಮ್ಮಲ್ಲಿ ಪಟ್ಟಿ ಮೇಲಿನಿಂದ ಇಳಿಯಿತು. ಪಟ್ಟಿ ಸರಿಯಾಗಿಯೇ ಇದೆ, ಆದರೆ ಆಲೆಮನೆಗೆ ಬಂದು ಯಾರೂ ಕೂರಲಿಲ್ಲ.

ಕೂತಿದ್ದರೆ ಏನು ಕಾಣುತ್ತಿತ್ತು? ಕೆ.ಎಂ. ದೊಡ್ಡಿ ಹತ್ತಿರದ ಆಲೆಮನೆಯಲ್ಲಿ ಕಳೆದ ವರ್ಷ ನಾನು ಕಂಡದ್ದು: ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ಮಡ್ಡಿ ತೆಗೆದು, ಪಾಕ ಏರುತ್ತಿತ್ತು. ಹಿರಿಯರೊಬ್ಬರು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ, "ಇನ್ನೊಂದು ಕುದಿ" ಎಂದರು. ಅಳತೆ ಅಷ್ಟು ಕರಾರುವಾಕ್ಕು. ಆಮೇಲೆ ಡಬ್ಬಿಯಿಂದ ಬಿಳಿ ಪುಡಿ ಬಂತು, ಬೆಲ್ಲದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ. ಯಾಕೆ ಎಂದೆ. "ಮಂಡೀಲಿ ಬೆಳ್ಳಗಿರೋದಕ್ಕೇ ರೇಟು" ಎಂದರು. ಅದನ್ನು ಹಾಕಿದ ಬೆಲ್ಲ ಮೊದಲು ಹೊಳೆದು, ಇಟ್ಟಲ್ಲೇ ಮತ್ತೆ ಕಪ್ಪಾಗುತ್ತದೆ. ಗಂಧಕದ ಅಂಶ ಉಳಿಯುತ್ತದೆ. ಹೊರದೇಶದ ಖರೀದಿದಾರ ಮೊದಲು ಕೇಳುವುದು ಆ ಅಂಶ ಎಷ್ಟಿದೆ ಎಂಬ ಲ್ಯಾಬ್ ವರದಿಯನ್ನೇ. ಬೆಂಡೆಯ ಲೋಳೆಯಿಂದಲೂ ಮಡ್ಡಿ ಬಿಡಿಸಬಹುದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಹಾಗೆ ಮಾಡಿದವನಿಗೆ ಮಂಡಿಯಲ್ಲಿ ಬೆಲೆ ಇಲ್ಲ. ಹೊರಗಿನ ಸಹಕಾರ ನಿಮಗೆ ಬೇಕಾಗಿರುವುದು ಇಲ್ಲಿ: ಪರೀಕ್ಷೆ ಮಾಡಿಸುವ ಖರ್ಚಿಗೆ, ಕಂದು ಬೆಲ್ಲಕ್ಕೆ ಬೆಲೆ ಕೊಡುವ ಗಿರಾಕಿಯನ್ನು ಹುಡುಕಿಕೊಡುವುದಕ್ಕೆ, ಮೊದಲ ಎರಡು ಮೂರು ವರ್ಷದ ನಷ್ಟ ತಡೆದುಕೊಳ್ಳುವುದಕ್ಕೆ.

ಕೇಳಲು ದೂರ ಹೋಗಬೇಕಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1950ರಿಂದ ಇದೆ. 1960ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜೊತೆ, ಕೆನಡಾದ ನೆರವಿನಿಂದ, ಅಲ್ಲೊಂದು ಅಂತರರಾಷ್ಟ್ರೀಯ ಆಹಾರ ತಂತ್ರಜ್ಞಾನ ತರಬೇತಿ ಕೇಂದ್ರ ಶುರುವಾಯಿತು. ಏಷ್ಯಾ, ಆಫ್ರಿಕಾದ ದೇಶಗಳ ಹುಡುಗರು ಸಂಸ್ಥೆ ಇರುವ ಚೆಲುವಾಂಬ ಮಹಲಿನ ಆವರಣಕ್ಕೆ ಬಂದು ಕಲಿತು ಹೋದರು. ಅಷ್ಟು ದೂರದವರಿಗೆ ತೆರೆದ ಬಾಗಿಲು ಮದ್ದೂರಿನವರಿಗೂ ತೆರೆಯಬೇಕು. ನಿಮ್ಮ ಕಡೆಯ ಹತ್ತು ಆಲೆಮನೆಯವರು ಒಟ್ಟಾಗಿ ಹೊರಡಿ. ಒಬ್ಬರೇ ಹೋದರೆ ಅರ್ಜಿ, ಹತ್ತು ಜನ ಹೋದರೆ ಮಾತುಕತೆ.

ಇನ್ನು ನಿಮ್ಮ ಆರು ಲಕ್ಷ. ಸಣ್ಣ ಘಟಕಗಳಿಗೆ ಕೊಡುವ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದು ಎಂದು ರಿಸರ್ವ್ ಬ್ಯಾಂಕು 2010ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಅಂಥ ಸಾಲಕ್ಕೆ ಖಾತ್ರಿ ನಿಲ್ಲಲು 2000ದಲ್ಲೇ ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ದಿಮೆಗಳ ಬ್ಯಾಂಕಾದ ಸಿಡ್ಬಿ ಸೇರಿ ಒಂದು ಟ್ರಸ್ಟ್ ಮಾಡಿವೆ. ಸಣ್ಣ ಉದ್ದಿಮೆಗಳನ್ನು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಮಾಡಿಸಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ಇಲ್ಲದಿದ್ದರೆ ಮೊದಲು ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ಆಮೇಲೆ ಅದೇ ಬ್ಯಾಂಕಿಗೆ ಹೋಗಿ ಅರ್ಜಿಯನ್ನು ಲಿಖಿತವಾಗಿ ಕೊಟ್ಟು, ದಿನಾಂಕ ಹಾಕಿಸಿ ಸ್ವೀಕೃತಿ ತೆಗೆದುಕೊಳ್ಳಿ. ಮತ್ತೆ ಜಮೀನಿನ ಪತ್ರ ಕೇಳಿದರೆ ಆ ಮಾತನ್ನು ಕಾಗದದ ಮೇಲೆ ಬರೆದುಕೊಡಿ ಎನ್ನಿ. ಬರೆದುಕೊಟ್ಟರೆ ಒಂದು ಪ್ರತಿ ನಮ್ಮ ಕಚೇರಿಗೆ ಕಳಿಸಿ.