38 ವೋಟು ಬಿದ್ರೂ ಎರಡನೇ ನಂಬರ್ ಯಾಕ್ರೀ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯೊಳಗ ಆಸ್ಟ್ರೇಲಿಯಾದ ಫುಟ್‌ಬಾಲ್ ಬಗ್ಗೆ, ಅದ್ರಾಗೂ ಕಾಲಿಂಗ್‌ವುಡ್ ಟೀಮಿನ ಹುಡುಗ ನಿಕ್ ಡೇಕೋಸ್ ಬಗ್ಗೆ ನಾಕ್ ಸಾಲು ಬರದಿದ್ವಿ. ಅಷ್ಟಕ್ಕ ಇಷ್ಟು ಪ್ರಶ್ನೆ ಬರ್ತಾವ ಅಂತ ಅನ್ಕೊಂಡಿರಲಿಲ್ಲ. ಕ್ರಿಕೆಟ್ ಪ್ರಶ್ನೆ ಕಳಿಸಿದವರು ಸಿಟ್ಟಾಗಬ್ಯಾಡ್ರಿ, ನಿಮ್ಮವು ಮುಂದಿನ ಸಲ ಬರ್ತಾವ.

ಪ್ರಶ್ನೆ: ಸರ, ರೀಲ್ಸ್‌ನ್ಯಾಗ ನೋಡಿದ್ನಿ, ತೋಳಿಲ್ಲದ ಬನಿಯನ್ ಹಾಕ್ಕೊಂಡು ಮೊಟ್ಟಿ ಆಕಾರದ ಬಾಲ್ ಒದೀತಾರ, ಹಿಡೀತಾರ, ಮತ್ತ ಮುಷ್ಟಿ ಕಟ್ಟಿ ಗುದ್ದತಾರ. ಇದು ರಗ್ಬೀ ಏನು? ಮಿಡ್‌ಫೀಲ್ಡರ್ ಅಂದ್ರ ಇಲ್ಲಿ ಏನು ಕೆಲಸ?
– ಬಿ.ಕಾಂ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ರಗ್ಬೀ ಅಲ್ಲಪಾ ತಮ್ಮಾ, ಮೆಸ್ಸಿ ಆಡೋ ಫುಟ್‌ಬಾಲೂ ಅಲ್ಲ. ಇದು ಮೆಲ್ಬರ್ನ್‌ನ್ಯಾಗ ಹುಟ್ಟಿದ ಆಟ. 1858ರಾಗ ಟಾಮ್ ವಿಲ್ಸ್ ಅನ್ನೋ ಕ್ರಿಕೆಟರ್, ಚಳಿಗಾಲದಾಗ ಕ್ರಿಕೆಟ್ ಬಂದ್ ಆದಮ್ಯಾಲ ಆಟಗಾರರು ಸುಮ್ನ ಕುಂತು ಮೈ ಬೆಳಸೂದು ಬ್ಯಾಡ, ಒಂದು ಫುಟ್‌ಬಾಲ್ ಕ್ಲಬ್ ಮಾಡೂಣು ಅಂತ ಪೇಪರಿಗೆ ಪತ್ರ ಬರದ, ಮರುವರ್ಷ ಮೇ ತಿಂಗಳದಾಗ ರೂಲ್ಸ್ ಬರದ್ರು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದ 1863ರಾಗ, ಅಂದ್ರ ಇದರ ರೂಲ್ಸ್ ಅದಕ್ಕಿಂತ ನಾಕ್ ವರ್ಷ ಹಿರೇದು. ಕ್ರಿಕೆಟಿನವರು ಹುಟ್ಟಿಸಿದ್ದಕ್ಕ ಇವತ್ತಿಗೂ ಕ್ರಿಕೆಟ್ ಗ್ರೌಂಡಿನ್ಯಾಗ ಆಡ್ತಾರ, ನಾವು ಬಾಕ್ಸಿಂಗ್ ಡೇ ಟೆಸ್ಟ್ ನೋಡೋ ಎಂಸಿಜಿನ ಇವರ ದೊಡ್ಡ ಮನಿ.

ಒಂದೊಂದು ಕಡೆ 18 ಮಂದಿ. ಎರಡೂ ತುದಿಗೆ ನಾಕ್ ನಾಕ್ ಕಂಬ, ನಡುವಿನ ಎರಡರ ನಡುವ ಒದ್ದು ಹಾಕಿದ್ರ 6 ಪಾಯಿಂಟ್, ಬಾಜೂಕಿಂದ ಹೋದ್ರ 1. ಬಾಲ್ ಹಿಡ್ಕೊಂಡು ಓಡಬಹುದು ಖರೆ, ಆದ್ರ 15 ಮೀಟರಿಗೊಮ್ಮೆ ನೆಲಕ್ಕ ಪುಟಿಸಬೇಕು ಇಲ್ಲಾ ಮುಟ್ಟಿಸಬೇಕು, ಮತ್ತ ಆ ಬಾಲ್ ಗುಂಡಗಿಲ್ಲ, ಯಾ ಕಡೆ ಪುಟೀತೈತಿ ಅದಕ್ಕ ಗೊತ್ತಿಲ್ಲ. ಎಸೆಯಂಗಿಲ್ಲ. ಒಂದು ಅಂಗೈ ಮ್ಯಾಲ ಬಾಲ್ ಇಟ್ಕೊಂಡು ಇನ್ನೊಂದು ಕೈ ಮುಷ್ಟಿಲೆ ಗುದ್ದಿ ಪಾಸ್ ಕೊಡಬೇಕು, ಅದಕ್ಕ ಹ್ಯಾಂಡ್‌ಬಾಲ್ ಅಂತಾರ, ನೀ ನೋಡಿದ್ದು ಅದನ್ನ.

ಮಿಡ್‌ಫೀಲ್ಡರ್ ಕೆಲಸ ನೋಡಬೇಕಂದ್ರ ಆಟ ಶುರು ಆಗೂ ಹೊತ್ತಿನ್ಯಾಗ ನಡುಗ್ರೌಂಡಿನ ಚೌಕ ನೋಡು. ಎರಡೂ ಕಡೆಯಿಂದ ನಾಕ್ ನಾಕ್ ಮಂದಿ ಅಷ್ಟ ಒಳಗ ಇರ್ತಾರ, ಅದ್ರಾಗ ಒಬ್ಬೊಬ್ಬಾಂವ ಎತ್ತರದಾಂವ, ಬಾಲ್ ಮ್ಯಾಲ ಹೋದ ಕೂಡ್ಲೆ ಈ ಇಬ್ಬರೂ ಜಿಗಿದು ಬಡೀತಾರ, ಅದು ಬಿದ್ದಲ್ಲಿ ಉಳಿದ ಆರೂ ಮಂದಿ ಮೈ ಮ್ಯಾಲ ಮೈ. ಡೇಕೋಸ್ ಏನ್ ಮಾಡ್ತಾನಂದ್ರ, ಆ ಗುಂಪಿನೊಳಗ ಧಡಕ್ಕನ ನುಗ್ಗಂಗಿಲ್ಲ, ಒಂದು ಹೆಜ್ಜಿ ಹೊರಗ ನಿಂತಿರ್ತಾನ, ಬಾಲ್ ಜಾರಿ ಬಂದದ್ದ ತಡ, ಅದು ಕೈಗೆ ಬರೂಕಿಂತ ಮೊದ್ಲ ಅಂವನ ಕಣ್ಣು ಮುಂದಿನಾಂವನ ಮ್ಯಾಲ ಹೋಗಿರ್ತೈತಿ. ನಿಧಾನ ಮಾಡಿ ಎರಡು ಸಲ ನೋಡಿದ್ರ ತಿಳೀತೈತಿ. ಒಂದೊಂದು ಕ್ವಾರ್ಟರ್ 20 ನಿಮಿಷ, ಬಾಲ್ ಹೊರಗ ಹೋದಾಗ, ಗೋಲ್ ಆದಾಗ ಗಡಿಯಾರ ನಿಲ್ಲಸ್ತಾರಾದ್ದರಿಂದ ಹತ್ರ ಹತ್ರ 30 ಆಗ್ತೈತಿ, ಅಂಥಾವು ನಾಕು. ಮಿಡ್‌ಫೀಲ್ಡರ್ ಮ್ಯಾಚ್ ಮುಗಿಯೂದ್ರಾಗ 13–14 ಕಿಲೋಮೀಟರ್ ಓಡಿರ್ತಾನ.

ಪ್ರಶ್ನೆ: ಒಂದ ಮ್ಯಾಚಿನ್ಯಾಗ 54 ಸಲ ಬಾಲ್ ಆಡಿದ್ದು ವರ್ಲ್ಡ್ ರೆಕಾರ್ಡ್ ಅಂತ ನನ್ನ ಮಗ ಹೇಳ್ತಾನ. ಅಡತಿ ಅಂಗಡಿ ಪಟ್ಟಿ ಪುಸ್ತಕದ ಹಿಂದಿನ ಹಾಳ್ಯಾಗ ಡೇಕೋಸ್‌ನ ಲೆಕ್ಕ ಬರ್ಕೊಂಡು ಕುಂದರ್ತಾನ. ಇದೇನು ಲೆಕ್ಕಾರೀ, ಬಾಲ್ ಮುಟ್ಟಿದ್ದಕ್ಕೂ ರೆಕಾರ್ಡ್ ಏನು?
– ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಮಗ ಹೇಳಿದ್ದು ಬರೋಬ್ಬರಿ ಐತಿ ಅಣ್ಣಾರ. ಇದಕ್ಕ ಡಿಸ್ಪೋಸಲ್ ಅಂತಾರ, ಒದ್ದದ್ದು ಮತ್ತ ಹ್ಯಾಂಡ್‌ಬಾಲ್ ಮಾಡಿದ್ದು ಎರಡೂ ಕೂಡಿಸಿ. ಬರೇ ಮುಟ್ಟಿದ್ರ ಬರಂಗಿಲ್ಲ. 1989ರಾಗ ಸಿಡ್ನಿಯ ಗ್ರೆಗ್ ವಿಲಿಯಮ್ಸ್ 53 ಮಾಡಿದ್ದ, ಅದು ಜಗ್ಗಿ ವರ್ಷ ನಿಂತಿತ್ತು. 2018ರ ಮೊದಲನೇ ರೌಂಡಿನ್ಯಾಗ ಹಾಥಾರ್ನ್ ಟೀಮಿನ ಟಾಮ್ ಮಿಚೆಲ್ 54 ಮಾಡಿ ಮುರದ, ಅದೂ ಯಾರ ಮ್ಯಾಲ ಅಂದ್ರ ಕಾಲಿಂಗ್‌ವುಡ್ ಮ್ಯಾಲ. ಆ ವರ್ಷ ಸೀಸನ್ನಿನ ಬೆಸ್ಟ್ ಆಟಗಾರಗ ಕೊಡೋ ಬ್ರೌನ್‌ಲೋ ಮೆಡಲೂ ಅಂವಂದ. ಮುಂದ ಇದ ಮಿಚೆಲ್ ಕಾಲಿಂಗ್‌ವುಡ್‌ಗೆ ಬಂದು 2023ರಾಗ ಡೇಕೋಸ್ ಜೋಡಿನ ಕಪ್ ಗೆದ್ದ. ಹಿಂಗಾಗಿ ರೆಕಾರ್ಡ್ ಇಟ್ಕೊಂಡಾಂವ, ಅದರ ಬೆನ್ನ ಹತ್ತೀದಾಂವ, ಇಬ್ಬರೂ ಒಂದ ಡ್ರೆಸ್ಸಿಂಗ್ ರೂಮಿನ್ಯಾಗ ಇದ್ರು.

ಆದ್ರ ನೀವು ಕೇಳಿದ ಮಾತಿನ್ಯಾಗೂ ದಮ್ ಐತಿ. ನಿಮ್ಮ ಯಾರ್ಡಿಗೆ ಇವತ್ತ ಎಷ್ಟು ಚೀಲ ಬಂದ್ವು ಅನ್ನೂದು ಒಂದು ಲೆಕ್ಕ, ಚೀಲದೊಳಗಿನ ಕಾಯಿಗೆ ಬಣ್ಣ ಐತೋ ಇಲ್ಲೋ ಅನ್ನೂದು ಬ್ಯಾರೆ ಲೆಕ್ಕ, ರೇಟ್ ಆಗೂದು ಎರಡನೇದರ ಮ್ಯಾಲ. ಡಿಸ್ಪೋಸಲ್ ಅನ್ನೂದು ಚೀಲದ ಲೆಕ್ಕ. ಹಿಂದ ನಿಂತು ಬಾಜೂಕಿನವಗ ಆರಾಮ್ ಹ್ಯಾಂಡ್‌ಬಾಲ್ ಕೊಟ್ರೂ ಒಂದು, ಮೂರು ಮಂದಿ ಮೈ ಮ್ಯಾಲ ಬಿದ್ದಿರೋವಾಗ ಬಾಲ್ ಕಸಗೊಂಡು 50 ಮೀಟರ್ ಮುಂದ ಒದ್ರೂ ಒಂದ. ನಮ್ಮ ಗದಗಿನ ಸುನೀಲ್ ಜೋಶಿ 1999ರಾಗ ನೈರೋಬಿಯೊಳಗ ಸೌತ್ ಆಫ್ರಿಕಾ ಮ್ಯಾಲ ಹಾಕಿದ ಸ್ಪೆಲ್ ಐತಲ್ಲ, 10 ಓವರ್, 6 ಮೇಡನ್, 6 ರನ್, 5 ವಿಕೆಟ್, ಆ ಅಂಕಿ ನೋಡಿದ್ರ ಮ್ಯಾಚ್ ನೋಡದಿದ್ದವಗೂ ಎಲ್ಲಾ ತಿಳೀತೈತಿ. 54 ಅನ್ನೋ ಅಂಕಿ ಹಂಗ ಹೇಳಂಗಿಲ್ಲ. ಮಗಗ ಹೇಳ್ರಿ, ಇನ್ನೊಂದು ಕಾಲಂ ಹಾಕ್ಕೋ, ಗುಂಪಿನ್ಯಾಗ ಕಸಗೊಂಡಿದ್ದು ಎಷ್ಟು ಅಂತ ಬ್ಯಾರೆ ಬರಿ, ಅದಕ್ಕ ಅಲ್ಲಿಯವರು ಕಾಂಟೆಸ್ಟೆಡ್ ಪೊಸೆಶನ್ ಅಂತಾರ. ಪಟ್ಟಿ ಪುಸ್ತಕ ಮಾತ್ರ ಬ್ಯಾರೆ ಕೊಡಸ್ರಿ.

ಪ್ರಶ್ನೆ: 2024ರ ಬ್ರೌನ್‌ಲೋ ಮೆಡಲ್‌ನ್ಯಾಗ ಡೇಕೋಸ್‌ಗ 38 ವೋಟು ಬಿದ್ವು, ಅದಕ್ಕೂ ಮೊದಲಿನ ರೆಕಾರ್ಡ್ 36 ಅಂತ ಓದಿದ್ನಿ. ಹಂಗಾದ್ರ ರೆಕಾರ್ಡ್ ಮುರದಾಂವ ಎರಡನೇ ನಂಬರ್ ಹೆಂಗ ಆದ? ಮತ್ತ ಅಂಪೈರ್ ವೋಟು ಹಾಕೂದು ಅಂದ್ರ ನನಗ ಯಾಕೋ ಸರಿ ಅನಸವಲ್ದು.
– ಪಿ.ಇ. ಟೀಚರ್, ಗದಗ

ಉತ್ತರ: ಮೇಷ್ಟ್ರ, ಈ ಸಲದ ಚಲೋ ಪ್ರಶ್ನೆ ನಿಮ್ಮದ. ಬ್ರೌನ್‌ಲೋ ಮೆಡಲ್ 1924ರಿಂದ ಕೊಡಾಕತ್ತಾರ. ಪ್ರತಿ ಮ್ಯಾಚ್ ಮುಗದ ಮ್ಯಾಲ ಅಂಪೈರ್‌ಗಳು ಕೂತು ಒಬ್ಬವಗ 3, ಒಬ್ಬವಗ 2, ಇನ್ನೊಬ್ಬವಗ 1 ವೋಟು ಕೊಟ್ಟು ಲಕೋಟಿ ಬಂದ್ ಮಾಡ್ತಾರ, ಸೀಸನ್ ಪೂರ್ತಿ ಯಾರಿಗೂ ಹೇಳಂಗಿಲ್ಲ, ಗ್ರಾಂಡ್ ಫೈನಲ್ ವಾರದ ಸೋಮವಾರ ರಾತ್ರಿ ಆಟಗಾರರನ್ನೆಲ್ಲಾ ಸೂಟು ಹಾಕಿಸಿ ಕುಂದ್ರಿಸಿ ರೌಂಡಿಗೊಂದರಂಗ ಓದತಾರ. ಆ ರಾತ್ರಿ ಅವರ ಮುಖ ನೋಡೂದ ಒಂದು ಆಟ.

ಈಗ ಲೆಕ್ಕ ನೋಡ್ರಿ. 2011ರಾಗ ಡೇನ್ ಸ್ವಾನ್ 34, 2016ರಾಗ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ 35, 2017ರಾಗ ಡಸ್ಟಿನ್ ಮಾರ್ಟಿನ್ 36, 2021ರಾಗ ಆಲಿ ವೈನ್ಸ್ ಮತ್ತ 36. ಒಂದೊಂದ ವೋಟು ಏರ್ಕೋತ ಬಂದಿತ್ತು. 2024ರಾಗ ಡೇಕೋಸ್ 38 ತಗೊಂಡ, ಮ್ಯಾಲ ಹೇಳಿದ ಯಾವ ವರ್ಷ ಆಗಿದ್ರೂ ಹಾರ ಹಾಕ್ಕೊಂಡು ಮನಿಗೆ ಹೋಗ್ತಿದ್ದ, ಆದ್ರ ಅದ ವರ್ಷ ಕಾರ್ಲ್‌ಟನ್ ಕ್ಯಾಪ್ಟನ್ ಪ್ಯಾಟ್ರಿಕ್ ಕ್ರಿಪ್ಸ್ 45 ತಗೊಂಡು ಕುಂತ. 36ರಿಂದ ಒಮ್ಮೆಲೆ 45! ಹಿಂದಿನ ರೆಕಾರ್ಡ್ ಇಬ್ಬರೂ ದಾಟಿದ್ರು, ಮುರದಾಂವ ಅಂತ ಹೆಸರಾಗಿದ್ದು ಒಬ್ಬಂದ.

ಇದ್ರಾಗ ಇನ್ನೆರಡು ಮಾತ ಅದಾವ. ಮಾರ್ಟಿನ್, ವೈನ್ಸ್ ಆಡಿದಾಗ ಒಂದು ಟೀಮಿಗೆ 22 ಮ್ಯಾಚ್, 2023ರಿಂದ 23 ಆಗ್ಯಾವ, ಅಂದ್ರ 3 ವೋಟಿನ ಒಂದು ಚಾನ್ಸ್ ಜಾಸ್ತಿ. ಮತ್ತ ಮೊದ್ಲ ಗ್ರೌಂಡಿನೊಳಗ ಮೂರು ಅಂಪೈರ್ ಇದ್ರು, 2023ರಿಂದ ನಾಕು. ನಾಕ್ ಮಂದಿ ಕೂಡಿ ಹೆಸರು ಹುಡುಕೋವಾಗ ಎಲ್ಲಾರಿಗೂ ಲಗೂ ನೆನಪಾಗೂದು ನಡುಗ್ರೌಂಡಿನ್ಯಾಗ ದಿನಾ ಕಣ್ಣಿಗೆ ಬೀಳೋ ದೊಡ್ಡ ಹೆಸರ ಅಂತ ನನ್ನ ಅಂದಾಜು, ಪ್ರೂಫ್ ಕೇಳಬ್ಯಾಡ್ರಿ. 2025ರಾಗೂ ಹಂಗ ಆತು ನೋಡ್ರಿ, ಗೋಲ್ಡ್ ಕೋಸ್ಟ್‌ನ ಮ್ಯಾಟ್ ರೋವೆಲ್ 39 ತಗೊಂಡು ಗೆದ್ದ, ಡೇಕೋಸ್ 32ಕ್ಕ ಮತ್ತ ಎರಡನೇ ನಂಬರ್. ಎಣಿಸೋ ಪದ್ಧತಿ ಬದಲಾದ್ರ ರೆಕಾರ್ಡೂ ಬದಲಾಗ್ತೈತಿ ಅನ್ನೂದಕ್ಕ ಹಳೇ ಸಾಕ್ಷಿ ಬೇಕಂದ್ರ 1977ರದ್ದು ತಗೋರಿ, ಗ್ರಹಾಂ ಟೀಸ್‌ಡೇಲ್ ಅನ್ನಾಂವ 59 ವೋಟು ತಗೊಂಡಿದ್ದ, ಯಾಕಂದ್ರ ಆವಾಗ ಇಬ್ಬರು ಅಂಪೈರ್ ಬ್ಯಾರೆ ಬ್ಯಾರೆ 3-2-1 ಕೊಡ್ತಿದ್ರು. ಅದಕ್ಕ ಅದನ್ನ ಯಾರೂ ಈ ಸಾಲಿನ್ಯಾಗ ಎಣಸಂಗಿಲ್ಲ.

ಅಂಪೈರ್ ಯಾಕ ಅಂದ್ರಿ. ಈ ಮೆಡಲ್ ಬರೇ ಚಲೋ ಆಡಿದವಗ ಅಲ್ರಿ, ನೇಮದಿಂದ ಆಡಿದವಗ. ಸಸ್ಪೆಂಡ್ ಆದ್ರ ಹಕ್ಕ ಹೋತು. 1997ರಾಗ ಕ್ರಿಸ್ ಗ್ರಾಂಟ್ 27 ವೋಟಿನಿಂದ ಎಲ್ಲಾರಕಿಂತ ಮುಂದಿದ್ದ, ಒಂದು ಮ್ಯಾಚ್ ಸಸ್ಪೆಂಡ್ ಆಗಿದ್ದಕ್ಕ 26 ಇದ್ದ ರಾಬರ್ಟ್ ಹಾರ್ವಿಗೆ ಮೆಡಲ್ ಹೋತು. ಅಷ್ಟು ಗಟ್ಟಿ ರೂಲ್. ನಿಮ್ಮ ಸಾಲಿ ಖೋ ಖೋ ಟೂರ್ನಮೆಂಟಿನ್ಯಾಗ ಬೆಸ್ಟ್ ಪ್ಲೇಯರ್ ಕಪ್ಪಿಗೆ ಹಿಂಗೊಂದು ರೂಲ್ ಹಾಕಿ ನೋಡ್ರಿ, ಅರ್ಧ ಜಗಳ ಕಡಿಮಿ ಆಗ್ತಾವ.

ಪ್ರಶ್ನೆ: ಡೇಕೋಸ್‌ನ ಅಪ್ಪನೂ ಅದ ಟೀಮಿಗೆ ಆಡಿದ್ದ, ಅಣ್ಣನೂ ಅದ ಟೀಮು. ಅಲ್ಲಿನೂ ವಶೀಲಿ ನಡೀತೈತಿ ಅಂದಂಗ ಆತು.
– ಒಬ್ಬ ಓದುಗ, ಹೆಸರು ಹಾಕಬ್ಯಾಡ್ರಿ ಅಂದಾರ, ರಾಣೆಬೆನ್ನೂರು

ಉತ್ತರ: ವಶೀಲಿ ಗುಟ್ಟಾಗಿ ನಡೀತೈತಿ, ಇದು ಪುಸ್ತಕದಾಗ ಬರದ ರೂಲ್. ಹೊಸ ಹುಡುಗರನ್ನ ಟೀಮುಗಳು ಸರದಿ ಪ್ರಕಾರ ಆರಿಸೂದಕ್ಕ ಡ್ರಾಫ್ಟ್ ಅಂತಾರ. ಅಪ್ಪ ಒಂದು ಕ್ಲಬ್ಬಿಗೆ 100 ಮ್ಯಾಚ್ ಆಡಿದ್ರ ಮಗನ್ನ ಆ ಕ್ಲಬ್ ಮೊದ್ಲ ಕೇಳಬಹುದು, ಆದ್ರ ಬ್ಯಾರೆ ಟೀಮು ಬಿಡ್ ಮಾಡಿದ್ರ ಅದಕ್ಕ ಸರಿಯಾದ ಡ್ರಾಫ್ಟ್ ಪಾಯಿಂಟ್ ಕಟ್ಟಬೇಕು. ಅಪ್ಪ ಪೀಟರ್ ಡೇಕೋಸ್ ಕಾಲಿಂಗ್‌ವುಡ್‌ಗೆ 250 ಮ್ಯಾಚ್ ಆಡಿ 549 ಗೋಲ್ ಹೊಡದಾಂವ, 1990ರ ಕಪ್ ಗೆದ್ದ ಟೀಮಿನ್ಯಾಗಿದ್ದ. ಮಗ 2021ರ ಡ್ರಾಫ್ಟಿನ್ಯಾಗ ನಾಕನೇ ನಂಬರಿಗೆ ಹೋದ, ಅಪ್ಪನ 35ನೇ ನಂಬರ್ ಜೆರ್ಸಿನ ಹಾಕ್ಕೊಂಡ, 2022ರಾಗ ವರ್ಷದ ಹೊಸ ಹುಡುಗರಿಗೆ ಕೊಡೋ ರೈಸಿಂಗ್ ಸ್ಟಾರ್ ಅಂವಗ ಬಂತು. ಟೀಮಿನ ಬಾಗಿಲತನಾ ಅಪ್ಪನ ಹೆಸರು ಕರ್ಕೊಂಡ ಹೋಗಿರಬಹುದು, ಒಳಗ ಹೋದಮ್ಯಾಲ 38 ವೋಟು ಅಪ್ಪ ಹಾಕಿಸಾಕ ಆಗಂಗಿಲ್ಲ.

ಪ್ರಶ್ನೆ: ಇಷ್ಟು ಆಡ್ತಾನಂದ್ರ ಎದುರಿನ ಟೀಮು ಸುಮ್ನ ಬಿಡ್ತೈತೇನು? ಕಟ್ಟಿ ಹಾಕಾಕ ಏನಾರ ಉಪಾಯ ಇರಬೇಕಲ್ಲ?
– ಕಬಡ್ಡಿ ಆಟಗಾರ, ಹಾವೇರಿ

ಉತ್ತರ: ಐತಿ, ಟ್ಯಾಗರ್ ಅಂತ. ಅಂವ ಬಾಲ್ ಮರತು ಬರೇ ಒಬ್ಬನ ಬೆನ್ನ ಹತ್ತೂದ ಕೆಲಸ. 2023ರ ಸೀಸನ್ ಕಡೀಗೆ ಬಂದಾಗ ಡೇಕೋಸ್ ಬ್ರೌನ್‌ಲೋ ಗೆಲ್ತಾನ ಅಂತ ಎಲ್ಲಾರೂ ಮಾತಾಡಾಕತ್ತಿದ್ರು, ಆವಾಗ ಹಾಥಾರ್ನ್ ಟೀಮು ಫಿನ್ ಮಗಿನೆಸ್ ಅನ್ನೋ ಹುಡುಗನ್ನ ಬೆನ್ನ ಹಚ್ಚಿ ಬಿಡ್ತು, ಮ್ಯಾಚ್ ಮುಗದಾಗ ಡೇಕೋಸ್‌ನ ಡಿಸ್ಪೋಸಲ್ ಬರೇ 5. ಅದ ಮ್ಯಾಚಿನ್ಯಾಗ ಮೊಣಕಾಲಿಗೂ ಪೆಟ್ಟು ಬಿತ್ತು, ಲೀಗಿನ ಉಳಿದ ಮೂರು ಮ್ಯಾಚ್ ಹೊರಗ ಕುಂತ. ಮೆಡಲ್ ರಾತ್ರಿ ಲೆಕ್ಕ ಹೆಂಗ ಬಂತಂದ್ರ ಬ್ರಿಸ್ಬೇನ್‌ನ ಲಾಕಿ ನೀಲ್ 31, ಮಾರ್ಕಸ್ ಬಾಂಟೆಂಪೆಲ್ಲಿ 29, ಡೇಕೋಸ್ 28. ಕುಂತ ಆ ಮೂರು ಮ್ಯಾಚಿನ್ಯಾಗ ನಾಕ್ ವೋಟು ಸಿಕ್ಕಿದ್ರ ಆಗಿತ್ತು. ನನ್ನ ಕೇಳಿದ್ರ, ರೆಕಾರ್ಡ್ ಮಾತಾಡೋರು 54, 45 ಅಂತಾರ, ಈ 5 ಅನ್ನೋ ಅಂಕಿ ಯಾರೂ ಎತ್ತಂಗಿಲ್ಲ, ಆದ್ರ ಒಬ್ಬ ಆಟಗಾರಗ ಎದುರಿನವರು ಎಷ್ಟು ಹೆದರತಾರ ಅನ್ನೂದು ಅದ್ರಾಗ ತಿಳೀತೈತಿ, ಅಂವ ಒಬ್ಬನ್ನ ನಿಲ್ಲಸಾಕ ತಮ್ಮ ಒಬ್ಬ ಆಟಗಾರನ್ನ ಪೂರಾ ಮ್ಯಾಚ್ ಖರ್ಚ ಮಾಡಿದ್ರಲ್ಲ. ಹುಡುಗ ಪ್ರಿಲಿಮಿನರಿ ಫೈನಲ್‌ಗೆ (ನಮ್ಮ ಸೆಮಿಫೈನಲ್ ಇದ್ದಂಗ) ವಾಪಸ್ ಬಂದ, ಆ ಮ್ಯಾಚ್ ಒಂದ ಪಾಯಿಂಟಿನಿಂದ ಗೆದ್ರು, ಗ್ರಾಂಡ್ ಫೈನಲ್‌ನ್ಯಾಗ ಅದ ನೀಲ್‌ನ ಬ್ರಿಸ್ಬೇನ್‌ನ 90–86ಕ್ಕ ಸೋಲಿಸಿದ್ರು, ಒಂದು ಲಕ್ಷ ಮ್ಯಾಲ ಮಂದಿ ಕುಂತಿದ್ರು.

ಪ್ರಶ್ನೆ: ಕ್ರಿಪ್ಸ್‌ನ 45 ಡೇಕೋಸ್ ಮುರೀತಾನೇನ್ರಿ? ಗೆಳ್ಯಾನ ಜೋಡಿ ಗಿರ್ಮಿಟ್ ಪಂದ್ಯ ಕಟ್ಟೇನಿ.
– ಮೊಬೈಲ್ ಅಂಗಡಿ ಹುಡುಗ, ದುರ್ಗದಬೈಲ್, ಹುಬ್ಬಳ್ಳಿ

ಉತ್ತರ: ಮುರೀತಾನ ಅಂತ ಕಟ್ಟಿದ್ರ ಗಿರ್ಮಿಟ್ ಹೋತು ಅನ್ಕೋ. 45 ಅಂದ್ರ 15 ಮ್ಯಾಚಿನ್ಯಾಗ ಗ್ರೌಂಡಿಗೆ ಒಂದನೇ ನಂಬರ್ ಆಗಿ ಪೂರಾ 3 ವೋಟು ತಗೊಂಡಂಗ, ಸೀಸನ್ ಇರೂದ 23 ಮ್ಯಾಚು. ಜೋಡಿ ಆಡೋರು ಚಲೋ ಇದ್ದಷ್ಟೂ ವೋಟು ಹಂಚಿ ಹೋಗ್ತಾವ, ಒಂದು ಮ್ಯಾಚಿಗೆ ಇರೂದ ಆರು ವೋಟು, ಅದೂ ಎರಡೂ ಟೀಮು ಕೂಡಿ. ಮೂರನೇ, ಎರಡನೇ, ಮತ್ತ ಎರಡನೇ, 2023ರಿಂದ 2025ರ ತನಕ ಇದ ಅಂವನ ಸಾಲು. ಹಿಂಗ ಮೂರು ವರ್ಷ ಮ್ಯಾಲಿಂದ ಮ್ಯಾಲ ಹತ್ರ ಬಂದಿದ್ದು ನನಗ ಒಂದ ವರ್ಷದ 45ಕ್ಕಿಂತ ದೊಡ್ಡದು ಅನಸ್ತೈತಿ, ನಿನ್ನ ಗೆಳ್ಯಾ ಒಪ್ಪಂಗಿಲ್ಲ ಬಿಡು.

ಪ್ರಶ್ನೆ: ಇಲ್ಲಿ ಕುಂತು ನೋಡಬೇಕಂದ್ರ ಎಷ್ಟೊತ್ತಿಗೆ?
– ಪಿಯುಸಿ ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

ಉತ್ತರ: ಸೀಸನ್ ಮಾರ್ಚದಿಂದ ಸೆಪ್ಟೆಂಬರ್ ಕಡೀತನಾ. ಏಪ್ರಿಲ್‌ನ್ಯಾಗ ಅವರ ಗಡಿಯಾರ ಹಿಂದ ತಿರುವಿದ ಮ್ಯಾಲ ಮೆಲ್ಬರ್ನ್ ನಮಗಿಂತ ನಾಕೂವರಿ ತಾಸು ಮುಂದ. ಅಲ್ಲಿ ರಾತ್ರಿ ಏಳೂವರಿ ಮ್ಯಾಚ್ ಅಂದ್ರ ನಮಗ ಮಧ್ಯಾಹ್ನ ಮೂರು, ಗ್ರಾಂಡ್ ಫೈನಲ್ ಅಲ್ಲಿ ಮಧ್ಯಾಹ್ನ ಎರಡೂವರಿಗೆ ಇಟ್ರ ನಮಗ ಬೆಳಿಗ್ಗೆ ಹತ್ತು. ಶುಕ್ರವಾರದ ಮ್ಯಾಚ್ ಕ್ಲಾಸಿನ ಹೊತ್ತಿಗೆ ಬರ್ತೈತಿ ನೋಡವಾ, ಅಟೆಂಡೆನ್ಸ್ ಕಮ್ಮಿ ಬಿದ್ರ ಪ್ರಿನ್ಸಿಪಾಲರ ಮುಂದ ನಮ್ಮ ಅಂಕಣದ ಹೆಸರು ತಗೀಬ್ಯಾಡ.